ಮಾರಿಸನ್, ಸ್ಯಾಮ್ಯುಯೆಲ್ ಎಲಿಯಟ್
1887-1976. ಅಮೆರಿಕದ ನೌಕಾ ಇತಿಹಾಸಕಾರ. ಬಾಸ್ಟನ್ ನಗರದಲ್ಲಿ ಜನನ. ಹಾರ್ವರ್ಡ್ ವಿಶ್ವವಿದ್ಯಾಲಯದಿಂದ 1912ರಲ್ಲಿ ಡಾಕ್ಟರೇಟ್ ಪಡೆದ ಈತ ಅಲ್ಲಿಯೇ ಪ್ರಾಧ್ಯಾಪಕನಾಗಿ 1955ರಲ್ಲಿ ನಿವೃತ್ತನಾದ. ನಡುವೆ ಮೂರು ವರ್ಷ (1922-25) ಆಕ್ಸ್‌ಫರ್ಡಿನಲ್ಲಿ ಪಾಠ ಹೇಳಿದ್ದುಂಟು.

ಸ್ವತಃ ನುರಿತ ಹಾಯಿಗಾರನಾದ್ದರಿಂದ ಕಡಲಿನ ಚರಿತ್ರೆಯನ್ನು ಗ್ರಂಥಾಲಯದಲ್ಲಿ ಕೂತು ಬರೆಯುವುದು ಈತನಿಗೆ ಒಗ್ಗಲಿಲ್ಲ. ಕೊಲಂಬಸನ ಜೀವನಚರಿತ್ರೆಗಾಗಿ 1939-40ರಲ್ಲಿ ‘ಕ್ಯಾಪಿಟಾನ’ ಎಂಬ ಹಾಯಿಹಡಗಿನಲ್ಲಿ ಅಟ್ಲಾಂಟಿಕ್ ದಾಟಿ, ಹಳೆಯ ದಿನಚರಿಯ ವಿವರಗಳನ್ನು ಕಣ್ಣೆದುರಿನ ಗಾಳಿ, ಕರಾವಳಿಗಳೊಡನೆ ತಾಳೆ ನೋಡಿದ. ಹೀಗೆ ಹುಟ್ಟಿದ ‘ಅಡ್ಮಿರಲ್ ಆಫ್ ದಿ ಓಷನ್ ಸೀ’ (1942) ಪುಲಿಟ್ಜರ್ ಬಹುಮಾನ ಗಳಿಸಿತು.

ಯುದ್ಧದ ಚರಿತ್ರೆಯನ್ನು ಯುದ್ಧದೊಳಗಿದ್ದೇ ಬರೆಯುತ್ತೇನೆಂದು ಅಧ್ಯಕ್ಷ ರೂಸ್‌ವೆಲ್ಟ್‌ಗೆ ಸೂಚಿಸಿ, ಐವತ್ತೈದರ ಆಸುಪಾಸಿನಲ್ಲಿ ನೌಕಾಪಡೆ ಸೇರಿದ. ಯುದ್ಧನೌಕೆಗಳಲ್ಲಿದ್ದು ಕಂಡುಕೇಳಿದ್ದೆಲ್ಲ ಎರಡನೆಯ ಮಹಾಯುದ್ಧದ ನೌಕಾ ಕಾರ್ಯಾಚರಣೆಗಳನ್ನು ಕುರಿತ 15 ಸಂಪುಟಗಳಿಗೆ (1947-62) ಒದಗಿತು. ಕೆಲವು ಸೇನಾನಿಗಳ ಬಗೆಗಿನ ಈತನ ತೀರ್ಪು ಕಟು, ಒಮ್ಮೊಮ್ಮೆ ಅನ್ಯಾಯದ್ದೂ ಹೌದು. ಹೆನ್ರಿ ಸ್ಟೀಲ್ ಕಾಮೇಜರ್ ಜೊತೆ ಬರೆದ ಪಠ್ಯಪುಸ್ತಕದಲ್ಲಿ ಗುಲಾಮಗಿರಿಯನ್ನು ಹಗುರವಾಗಿ ಚಿತ್ರಿಸಿದ್ದು ಸಮರ್ಥಿಸಲಾಗದ ಲೋಪ. ಗದ್ಯ ಮಾತ್ರ ಇಂದಿಗೂ ಓದಿಸಿಕೊಳ್ಳುತ್ತದೆ. 1951ರಲ್ಲಿ ರಿಯರ್ ಅಡ್ಮಿರಲ್ ಪದವಿಯೊಂದಿಗೆ ನೌಕಾಸೇವೆಯಿಂದ ನಿವೃತ್ತನಾದ. 1980ರಲ್ಲಿ ಸೇವೆಗಿಳಿದ ಅಮೆರಿಕದ ಫ್ರಿಗೇಟ್ ಒಂದಕ್ಕೆ ಈತನ ಹೆಸರಿಡಲಾಯಿತು.