ಸಂಕ್ರಾಂತಿ ಕಾಳು ಮತ್ತು ಬಸರೂರಿನ ಪೋರ್ಚುಗೀಸರು

ಮಕರ ಸಂಕ್ರಮಣದಂದು ಬೈಂದೂರು, ಕುಂದಾಪುರ, ಬ್ರಹ್ಮಾವರ ಸೀಮೆಯ ಗೌಡ ಸಾರಸ್ವತರ ಮನೆಗಳಲ್ಲಿ ಹಂಚುವ ಸಂಕ್ರಾಂತಿ ಕಾಳು ಉತ್ತರ ಕರ್ನಾಟಕದ ಕುಸುರೆಳ್ಳಿನ ಒಡಹುಟ್ಟೇ ಸರಿ. ಎಳ್ಳನ್ನು ಅಗಲವಾದ ಪಾತ್ರೆಯಲ್ಲಿ ಮಂದಾಗ್ನಿಯ ಮೇಲಿಟ್ಟು, ತೆಳುವಾದ ಸಕ್ಕರೆಪಾಕವನ್ನು ತೊಟ್ಟುತೊಟ್ಟಾಗಿ ಬಿಡುತ್ತ, ಬೆರಳಿನಿಂದ ಆಡಿಸುತ್ತಿರಬೇಕು. ಒಂದು ಲೇಪವು ಒಣಗಿದ ಮೇಲೆಯೇ ಇನ್ನೊಂದು. ಹೀಗೆ ಹಲವು ಬಾರಿ ಮಾಡಿದಾಗ ಕಾಳಿನ ಮೈತುಂಬ ಸಣ್ಣ ಮುಳ್ಳುಗಳೇಳುತ್ತವೆ.

ಈ ಮುಳ್ಳುಗಳು ಆಕರ್ಷಕವಾದ ಒಂದು ಊಹೆಗೆ ಎಡೆಗೊಡುತ್ತವೆ. ಪೋರ್ಚುಗೀಸರ ಕಾನ್ಫೆಯ್ಟೊ ಎಂಬುದೂ ಸಕ್ಕರೆ ಹೊದಿಸಿದ ಕಾಳಿನ ಮಿಠಾಯಿಯೇ. ೧೫೬೯ರಲ್ಲಿ ಪಾದ್ರಿ ಲೂಯಿಸ್ ಫ್ರೋಯಿಸ್ ಅದನ್ನು ಗಾಜಿನ ಪಾತ್ರೆಯಲ್ಲಿಟ್ಟು ಜಪಾನಿನ ಓಡಾ ನೊಬುನಾಗನಿಗೆ ಕಾಣಿಕೆಯಾಗಿ ಒಪ್ಪಿಸಿದನು. ಅಲ್ಲಿಯ ಮುಳ್ಳುಮುಳ್ಳಾದ ಕೊನ್‌ಪೇಟೊ ಅದರ ಸಂತತಿ. ಅದೇ ವರ್ಷ ಪೋರ್ಚುಗೀಸರು ಬಸರೂರನ್ನು ಹಿಡಿದರು. ೧೬೫೦ರ ದಶಕದ ಆದಿಯಲ್ಲಿ ಕೆಳದಿಯ ಶಿವಪ್ಪನಾಯಕನು ಗೆದ್ದುಕೊಳ್ಳುವವರೆಗೆ ಅಲ್ಲಿ ಅವರ ಕೋಟೆಯಿತ್ತು. ಗೋವೆಯನ್ನು ತೊರೆದ ಸಾರಸ್ವತ ಕುಟುಂಬಗಳಲ್ಲಿ ಅನೇಕವು ಈ ಕರಾವಳಿಗೆ ಬಂದುದೂ ಆ ಶತಮಾನದಲ್ಲಿಯೇ. ಹೀಗಿರಲು, ಕಾಳೂ ಪೋರ್ಚುಗೀಸರ ಹಡಗಿನಿಂದಲೇ ಇಳಿಯಿತೆನ್ನಲು ಮನಸ್ಸು ಹಾತೊರೆಯುತ್ತದೆ.

ಪ್ರಸ್ತುತ ಲೇಖಕನಿಗೆ ಇದು ಸಮ್ಮತವಲ್ಲ. ಬಸರೂರು ಅವರ ಕೈಸೇರುವುದಕ್ಕೆ ಅರ್ಧ ಶತಮಾನ ಮುಂಚೆಯೇ, ೧೫೧೬ರ ಸುಮಾರಿಗೆ, ಬಾರ್ಬೋಸನು (ಆತನೂ ಪೋರ್ಚುಗೀಸನೇ) ಬೈಂದೂರಿನ ಉತ್ತರಕ್ಕಿರುವ ಭಟ್ಕಳದ ರೇವಿನಿಂದ ಹೊರ್ಮುಜಿಗೆ ಬಿಳಿಯ ಪುಡಿಸಕ್ಕರೆ ಹೋಗುತ್ತಿತ್ತೆಂದು ಬರೆದಿರುವನು. ಎಂದಮೇಲೆ ಸಕ್ಕರೆಗಾಗಿ ಪರದೇಶಿಯರ ದಾರಿ ಕಾಯಬೇಕಾಗಿರಲಿಲ್ಲ. ಗೇರು, ಅನಾನಸು, ಮೆಣಸಿನಕಾಯಿಗಳ ಋಣವನ್ನು ನಾವು ಒಪ್ಪಲೇಬೇಕು. ಆದರೆ ಆ ಪಟ್ಟಿಗೆ ಇದನ್ನೂ ಸೇರಿಸುವುದು ಅವಸರದ ತೀರ್ಮಾನ. ಮುಳ್ಳಾದರೋ ಪಾಕವನ್ನು ತೊಟ್ಟಿಕ್ಕುವ ಕ್ರಮದಿಂದ ತಾನಾಗಿ ಏಳುವಂಥದು. ಕ್ಯೋಟೊದಲ್ಲಾಗಲಿ ಗಂಗೊಳ್ಳಿಯಲ್ಲಾಗಲಿ ಆ ಕ್ರಮವು ಅದೇ ರೂಪವನ್ನು ಕೊಡುತ್ತದೆ. ಅದನ್ನು ವಂಶದ ಗುರುತೆಂದು ಎಣಿಸಲಾಗದು.

ಉಪಯೋಗದಲ್ಲಿಯೂ ಭೇದವು ಸ್ಪಷ್ಟವಾಗಿದೆ. ಯುರೋಪಿನಲ್ಲಿ ಸೋಂಪು, ಕೊತ್ತಂಬರಿ ಬೀಜಗಳಿಗೆ ಸಕ್ಕರೆ ಹೊದಿಸುತ್ತಿದ್ದವರು ಮುಖ್ಯವಾಗಿ ಔಷಧ ವ್ಯಾಪಾರಿಗಳು. ಊಟದ ಕೊನೆಗೆ ಜೀರ್ಣಕಾರಿಯೆಂದು ಅವು ಸಲ್ಲುತ್ತಿದ್ದುವು. ಇಟಲಿಯ ಕಾರ್ನಿವಲ್ ಉತ್ಸವದಲ್ಲಿ ಜನರು ಅವನ್ನು ಒಬ್ಬರ ಮೇಲೊಬ್ಬರು ಎರಚುತ್ತಿದ್ದರು. ಈಗ ಮದುವೆಗಳಲ್ಲಿ ತೂರುವ ಬಣ್ಣದ ಕಾಗದದ ಚೂರುಗಳಿಗೆ ಕಾನ್‌ಫೆಟ್ಟಿಯೆಂಬ ಹೆಸರು ಉಳಿದದ್ದು ಆ ಮಿಠಾಯಿಯಿಂದಲೇ. ನಮ್ಮಲ್ಲಿ ಎಳ್ಳೇ ಪ್ರಧಾನ. ಸಂಕ್ರಮಣದ ತಿಲದಾನವು ಧರ್ಮಶಾಸ್ತ್ರಗಳಲ್ಲಿ ಉಕ್ತವಾದದ್ದು. ಇದೇ ಸೀಮೆಯ ದೇವಾಲಯಗಳ ಪಂಚಕಜ್ಜಾಯದಲ್ಲಿಯೂ ಎಳ್ಳು ಸೇರುತ್ತದೆ. ಅಲ್ಲಿ ಅದರ ಜೊತೆಗಿರುವುದು ಸಕ್ಕರೆಯಲ್ಲ, ಬೆಲ್ಲ.