ಮಾರ್ಗೇಟಿನ ಮರದ ರೈಲು

ಇಂಗ್ಲೆಂಡಿನ ಮಾರ್ಗೇಟ್ ಕಡಲತೀರದ ಊರು. ಬೇಸಿಗೆ ರಜೆ ಬಂತೆಂದರೆ ಲಂಡನ್ನಿನ ದುಡಿಯುವ ಜನ ರೈಲು ಹತ್ತಿ ಇಲ್ಲಿಗೆ ಬರುತ್ತಿದ್ದರು. 1920ರಲ್ಲಿ ಇಲ್ಲಿನ ಡ್ರೀಮ್‌ಲ್ಯಾಂಡ್ ಪಾರ್ಕಿನಲ್ಲಿ ಮರದ ಅಟ್ಟಣೆಯ ಮೇಲೆ ಏರಿಳಿದು ಓಡುವ ಆಟದ ರೈಲು ಶುರುವಾಯಿತು. ಇದಕ್ಕೆ ಬ್ರೇಕ್ ಹಾಕಲು ಒಬ್ಬ ಆಳು ಗಾಡಿಯ ಜೊತೆಗೇ ಕೂತು ಹೋಗಬೇಕಿತ್ತು. ಅದೂ ಒಂದು ನೌಕರಿ!

ಮುಂದೆ ಜನ ಅಗ್ಗದ ವಿಮಾನದಲ್ಲಿ ಸ್ಪೇನಿನ ಬಿಸಿಲಿಗೆ ಹೋಗತೊಡಗಿದರು. ಲಾಡ್ಜುಗಳು ಖಾಲಿಯಾದವು, ಸೀಸನ್ ಕೂಲಿಯೂ ಹೋಯಿತು. ಪಾರ್ಕೇ ಮುಚ್ಚುವ ಮಾತು ಬಂದಾಗ, 2002ರಲ್ಲಿ ಈ ರೈಲು ಸಂರಕ್ಷಿತ ಕಟ್ಟಡಗಳ ಪಟ್ಟಿ ಸೇರಿತು. ಆ ಪಟ್ಟಿ ಕೆಡವುವವರನ್ನು ತಡೆಯಿತು, ಬೆಂಕಿಯನ್ನಲ್ಲ. 2008ರಲ್ಲಿ ಒಂದು ಭಾಗ ಸುಟ್ಟುಹೋಯಿತು.

ಊರವರು ಪಟ್ಟು ಬಿಡಲಿಲ್ಲ. ಸರ್ಕಾರದ ದುಡ್ಡು, ಲಾಟರಿ ನಿಧಿಯ ದುಡ್ಡು ಬಂತು. ರೈಲನ್ನು ಮತ್ತೆ ಕಟ್ಟಿ 2015ರಲ್ಲಿ ಓಡಿಸಿದರು. ಬ್ರೇಕಿನವನೂ ಹತ್ತಿ ಕೂತ.