ಕಂದಾಯದ ಕಡತದೊಳಗಿನ ಬೇಸಾಯದ ಚರಿತ್ರೆ

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಗಿನ್ನೂ ಹೊನ್ನಾಳಿಯೊಳಗೇ ಇತ್ತು. ಅದು ತಾಲ್ಲೂಕಾಗಲು ಇನ್ನೂ ಎರಡು ದಶಕ ಬೇಕಾಯಿತು. ಕೆರೆ ಮತ್ತು ಅಡಿಕೆ ತೋಟಗಳ ಚನ್ನಗಿರಿ, ತುಂಗಭದ್ರೆಯ ದಂಡೆಯ ಹೊನ್ನಾಳಿ, ಮಲೆನಾಡಿನ ಸರಕು ಬಯಲುಸೀಮೆಗೆ ಇಳಿಯುವ ದಾರಿಯಲ್ಲಿ ಬೆಳೆದ ಪೇಟೆ ನ್ಯಾಮತಿ, ಮುಗಿಲನ್ನೇ ನಂಬಿದ ಜಗಳೂರು: ಇವು ಒಂದೇ ಜಿಲ್ಲೆಗೆ ಸೇರಿದರೂ ಇವುಗಳ ಬೇಸಾಯದ ಹಾದಿಗಳು ಬೇರೆ ಬೇರೆ. ಈ ನಾಡಿನ ಚರಿತ್ರೆ ಎಂದೊಡನೆ ಪಾಳೆಯಗಾರರು, ಕೋಟೆಗಳು, ಮಠಗಳು ಮುಂದೆ ಬರುತ್ತವೆ. ಉತ್ತವರ ಚರಿತ್ರೆಗೆ ದಾಖಲೆ ಎಲ್ಲಿದೆ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಸಿಗುತ್ತದೆ. ಆ ಉತ್ತರ ತಪ್ಪು. ದಾಖಲೆ ಹೇರಳವಾಗಿದೆ. ತೆರಿಗೆ ವಸೂಲಿಗಾಗಿ ಬರೆದಿಟ್ಟದ್ದು ಎಂಬ ಕಾರಣಕ್ಕೆ ಅದನ್ನು ಚರಿತ್ರೆಯ ಆಕರವೆಂದು ನಾವು ಎಣಿಸಿಲ್ಲ, ಅಷ್ಟೇ.

ಹಳೆಯ ಸಾಕ್ಷ್ಯ ಕಲ್ಲಿನ ಮೇಲಿದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟ 1902ರಲ್ಲಿ ಹೊರಬಂತು. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಜಗಳೂರಿನವು ಚಿತ್ರದುರ್ಗದ ಹನ್ನೊಂದನೆಯ ಸಂಪುಟದಲ್ಲಿವೆ. ಇವನ್ನು ರಾಜವಂಶಗಳ ಪಟ್ಟಿ ಮಾಡಲು ಬಳಸುವುದೇ ವಾಡಿಕೆ. ಆದರೆ ದಾನಶಾಸನದಲ್ಲಿ ಅರಸನ ಬಿರುದಾವಳಿ ಮುಗಿದ ಮೇಲೆ ಬರುವ ಸಾಲುಗಳಲ್ಲಿ ಊರಿನ ಬದುಕಿದೆ: ಇಂತಿಷ್ಟು ಮತ್ತರು ಬೆದ್ದಲು, ಇಂತಿಷ್ಟು ಕಮ್ಮ ಗದ್ದೆ, ತೋಟ, ಗಾಣ, ಕೆರೆಯ ಕೆಳಗಿನ ಭೂಮಿ, ಎಲ್ಲೆಯ ಗುರುತಾಗಿ ಹಳ್ಳ, ಹುಣಸೆಮರ, ನಟ್ಟ ಕಲ್ಲು. ಚನ್ನಗಿರಿ ಸೀಮೆಯ ಸೂಳೆಕೆರೆಯನ್ನೇ ನೋಡಿ. ಹನ್ನೊಂದು, ಹನ್ನೆರಡನೆಯ ಶತಮಾನದ ಹೊತ್ತಿಗೆ ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡವಾಗಿ ಏರಿ ಹಾಕಿ ಸುಮಾರು 6,550 ಎಕರೆಯಷ್ಟು ನೀರು ನಿಲ್ಲಿಸಿದವರ ಕೌಶಲವನ್ನು ಎಲ್ಲರೂ ಹೊಗಳುತ್ತಾರೆ. ಕೆರೆ ಕಟ್ಟಿಸಿದಳೆನ್ನುವ ಶಾಂತವ್ವನ ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಆದರೆ ಕೆರೆ ಉಳಿಯುವುದು ಕಟ್ಟಿದವರೊಬ್ಬರಿಂದಲೇ ಆಗುವ ಕೆಲಸವಲ್ಲ. ತೂಬು ಎತ್ತುವವರು, ಕಾಲುವೆ ಸವರುವವರು, ನೀರಿನ ಸರದಿ ಕಾಯುವ ನೀರಗಂಟಿ, ಅವನಿಗೆ ಸಲ್ಲುವ ಮಾನ್ಯದ ನೆಲ ಎಲ್ಲವೂ ತಲೆತಲಾಂತರ ನಡೆದು ಬಂದರೆ ಮಾತ್ರ ಅದು ಸಾಧ್ಯ. ಕಟ್ಟಿದವರನ್ನು ಕಥೆ ನೆನಪಿಟ್ಟುಕೊಂಡಿದೆ. ಕಾಯ್ದವರ ಗುರುತು ಸಿಗುವುದು ಮಾನ್ಯದ ಲೆಕ್ಕದಲ್ಲಿ, ಶಾನುಭೋಗರ ಕಿರ್ದಿಯಲ್ಲಿ.

ತೆರಿಗೆಯ ದಾಖಲೆ ಬರೀ ಅಂಕಿಗಳ ರಾಶಿ ಎನ್ನುವವರಿಗೆ 1830ರ ನಗರ ಸೀಮೆಯ ದಂಗೆಯ ಕಡತಗಳು ಉತ್ತರ ಕೊಡುತ್ತವೆ. ಮೈಸೂರು ಸಂಸ್ಥಾನದಲ್ಲಿ ಆಗ ಶರತ್ತಿನ ಪದ್ಧತಿ ನಡೆದಿತ್ತು. ಇಂತಿಷ್ಟು ಹಣ ತಂದೊಪ್ಪಿಸುತ್ತೇನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡುತ್ತಿದ್ದ. ಬೆಳೆ ಬಂದರೂ ಬಾರದಿದ್ದರೂ ಆ ಮೊತ್ತ ರೈತರಿಂದ ಹೊರಡಲೇಬೇಕಿತ್ತು. ನಗರ ಸೀಮೆಯ ಪಟೇಲರೂ ರೈತರೂ ಕೂಟ ಸೇರಿ ಕಂದಾಯ ಕೊಡಲು ನಿರಾಕರಿಸಿದರು. ಹೊನ್ನಾಳಿಯ ಸುತ್ತಲೂ ಕಾಳಗಗಳಾದವು. 1831ರ ಅಕ್ಟೋಬರಿನಲ್ಲಿ ಆಡಳಿತ ಮುಮ್ಮಡಿ ಕೃಷ್ಣರಾಜ ಒಡೆಯರ ಕೈತಪ್ಪಿ ಬ್ರಿಟಿಷರ ಪಾಲಾಯಿತು. ದಂಗೆಯ ಕಾರಣ ಹುಡುಕಲು ನೇಮಿಸಿದ ಸಮಿತಿಯಲ್ಲಿ ಹಾಕರ್, ಮಾರಿಸನ್, ಮ್ಯಾಕ್ಲಿಯೋಡ್, ಕಬ್ಬನ್ ಇದ್ದರು. ಅದರ ವರದಿ 1833ರಲ್ಲಿ ಸಿದ್ಧವಾಯಿತು. ಸಂಸ್ಥಾನವನ್ನು ಕೈವಶ ಮಾಡಿಕೊಂಡಿದ್ದ ಸರ್ಕಾರಕ್ಕೆ ಆ ವರದಿಯಿಂದ ಅನುಕೂಲವೂ ಇತ್ತು. ಹಾಗಾಗಿ ಅದರ ತೀರ್ಮಾನಗಳನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಆದರೂ ಶರತ್ತಿನ ಹೊರೆ, ಮೊದಲು ಕೊಟ್ಟ ರಿಯಾಯಿತಿಯನ್ನು ಆಮೇಲೆ ಕಿತ್ತುಕೊಂಡ ಸಂಕಟ, ಅಧಿಕಾರಿಗಳ ಕಿರುಕುಳ ಇವು ಆ ಕಾಗದಗಳಲ್ಲಿ ದಾಖಲಾಗಿವೆ. ರೈತ ತಾನಾಗಿ ಚರಿತ್ರೆ ಬರೆದಿಡಲಿಲ್ಲ. ಆದರೆ ಕಂದಾಯ ಕೊಡೆನೆಂದು ನಿಂತಾಗ ಅವನ ಮಾತನ್ನು ಬರೆದುಕೊಳ್ಳದೆ ಆಳುವವರಿಗೆ ವಿಧಿ ಇರಲಿಲ್ಲ.

ಮುಂದಿನ ದೊಡ್ಡ ದಾಖಲೆ ರೆವಿನ್ಯೂ ಸರ್ವೆಯದು. ಮುಂಬಯಿ ಪ್ರಾಂತದ ಮಾದರಿಯಲ್ಲಿ 1863ರಲ್ಲಿ ಶುರುವಾದ ಮೈಸೂರಿನ ಮೋಜಣಿ ಮೊದಲು ಕಾಲಿಟ್ಟದ್ದು ಚಿತ್ರದುರ್ಗ ಸೀಮೆಯ ಹರಿಹರ ತಾಲ್ಲೂಕಿಗೆ. ಅಲ್ಲಿಂದಾಚೆಗೆ ಒಂದೊಂದು ಹೊಲಕ್ಕೂ ಸರ್ವೆ ನಂಬರು ಬಂತು, ಗಡಿಕಲ್ಲು ಬಂತು, ಮಣ್ಣಿನ ಗುಣಕ್ಕೆ ಆಣೆಯ ಲೆಕ್ಕ ಬಂತು. ಖುಷ್ಕಿ, ತರಿ, ಬಾಗಾಯ್ತು ಎಂದು ನೆಲವನ್ನು ವಿಂಗಡಿಸಿ ಮೂವತ್ತು ವರ್ಷಕ್ಕೊಮ್ಮೆ ದರ ನಿಗದಿ ಮಾಡಿದರು. ಟಿಪ್ಪಣಿ, ಆಕಾರಬಂದು, ಪಹಣಿಗಳನ್ನು ಒಟ್ಟಿಗಿಟ್ಟು ಓದಿದರೆ ಯಾವ ಊರಿನಲ್ಲಿ ಬೆದ್ದಲು ತೋಟವಾಯಿತು, ಭದ್ರಾ ನಾಲೆಯ ನೀರು ಬಂದ ಮೇಲೆ ಯಾವ ಹೊಲದಲ್ಲಿ ಜೋಳ ಹೋಗಿ ಭತ್ತ ಬಂತು, ಒಂದು ಹಿಡುವಳಿ ಎಷ್ಟು ಪಾಲಾಯಿತು ಎಂದು ಹೊಲಹೊಲದ ಮಟ್ಟದಲ್ಲಿ ತಿಳಿಯಬಹುದು. ಮೋಜಣಿಯ ನಡುವೆಯೇ 1876-78ರ ಬರ ಬಂತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇದ್ದದ್ದು 1881ರ ಗಣತಿಯಲ್ಲಿ 41,86,188ಕ್ಕೆ ಇಳಿದಿತ್ತು. ಹಣದ ರೂಪದಲ್ಲಿ ನಿಗದಿಯಾದ ಕಂದಾಯ ಮಳೆ ನೋಡಿ ಏರಿಳಿಯುವಂಥದ್ದಲ್ಲ. ಕೆರೆ, ನಾಲೆಗಳ ಆಸರೆಯಿದ್ದ ಊರಿಗೂ ಜಗಳೂರಿನಂಥ ಕಡೆಯ ಮಳೆಯಾಶ್ರಿತ ಹೊಲಕ್ಕೂ ಇದರ ಅರ್ಥ ಒಂದೇ ಆಗಿರಲು ಸಾಧ್ಯವಿಲ್ಲ. ಬರದ ಪರಿಣಾಮ ಊರಿಂದೂರಿಗೆ ಹೇಗೆ ಬೇರೆಯಾಯಿತು ಎಂಬುದನ್ನು ಬಾಕಿ, ಮಾಫಿ, ಪಾಳುಬಿದ್ದ ನಂಬರುಗಳ ಲೆಕ್ಕದಿಂದಲೇ ಹುಡುಕಬೇಕು.

ಈ ದಾಖಲೆಗಳನ್ನು ಚರಿತ್ರೆಯ ಆಕರವೆಂದು ಎಣಿಸಲು ಗಟ್ಟಿಯಾದ ಆಕ್ಷೇಪವೊಂದಿದೆ. ಕಂದಾಯದ ಕಡತ ಸರ್ಕಾರದ ಕಣ್ಣು. ತೆರಿಗೆ ಹುಟ್ಟುವಲ್ಲಿ ಮಾತ್ರ ಅದು ನೆಟ್ಟ ನೋಟದಿಂದ ನೋಡುತ್ತದೆ. ಕುರಿ ಮೇಯುವ ಗೋಮಾಳ, ಹಳ್ಳ, ಕಾಲುದಾರಿ, ಸ್ಮಶಾನ ಎಲ್ಲ ಅದಕ್ಕೆ ಖರಾಬು. ಕಳೆ ಕೀಳುವ, ನಾಟಿ ಹಾಕುವ ಹೆಂಗಸರ ಹೆಸರು ಖಾತೆಯಲ್ಲಿ ಅಪರೂಪ. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿ ನಾಡಿನಿಂದ ನಾಡಿಗೆ ಸಾಗಿಸುತ್ತಿದ್ದ ಲಂಬಾಣಿಗರನ್ನೇ ತೆಗೆದುಕೊಳ್ಳಿ. ಅವರ ಗುರು ಸೇವಾಲಾಲರ ಜನ್ಮಸ್ಥಳವೆಂದು ಪೂಜೆಗೊಳ್ಳುವ ಸೂರಗೊಂಡನಕೊಪ್ಪ ಇಂದಿನ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಹೀಗಿದ್ದೂ ನಾಡಿನ ಎಷ್ಟೋ ತಾಂಡಾಗಳಿಗೆ ಕಂದಾಯ ಗ್ರಾಮದ ಪಟ್ಟ ತೀರ ಈಚಿನವರೆಗೂ ಸಿಕ್ಕಿರಲಿಲ್ಲ. ಆಕ್ಷೇಪ ನಿಜ, ಆದರೆ ಅದರಿಂದ ಕಡತವನ್ನು ಕೈಬಿಡಬೇಕೆಂಬ ತೀರ್ಮಾನ ಬರುವುದಿಲ್ಲ. ಯಾರನ್ನು ಬಿಟ್ಟಿದ್ದಾರೆಂದು ತೋರಿಸಲು ಯಾರನ್ನು ಬರೆದಿದ್ದಾರೆಂಬ ಪಟ್ಟಿಯೇ ಬೇಕು. ಖರಾಬೆಂದು ಬರೆದ ನಂಬರುಗಳನ್ನು ಕೂಡಿಸಿದರೆ ಊರಿನ ಸಾಮಾನ್ಯ ನೆಲ ಎಷ್ಟಿತ್ತು, ಅದು ಯಾವಾಗ ಯಾರ ಪಾಲಾಯಿತು ಎಂಬ ಲೆಕ್ಕ ಹೊರಡುತ್ತದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಯಾರ ಹೊಲವನ್ನು ಎಂದಿನಿಂದ ಉಳುತ್ತಿದ್ದೇವೆ ಎಂಬುದನ್ನು ಉತ್ತವರೇ ನ್ಯಾಯಮಂಡಳಿಗಳ ಮುಂದೆ ನಿಂತು ಹೇಳಿದರು. ಆ ಹೇಳಿಕೆಗಳಿಗೆ ಸಮನಾದ ರೈತಚರಿತ್ರೆಯ ಆಕರ ನಮ್ಮಲ್ಲಿ ಇನ್ನೊಂದಿಲ್ಲ. ಹಾಡು, ಗಾದೆ, ಹಿರಿಯರ ನೆನಪು ಇದರ ಜೊತೆಗೆ ಬೇಕೇ ಬೇಕು. ಒಂದು ಬಿಟ್ಟದ್ದನ್ನು ಇನ್ನೊಂದು ತುಂಬುತ್ತದೆ, ಒಂದು ತಪ್ಪಿದ್ದನ್ನು ಇನ್ನೊಂದು ತಿದ್ದುತ್ತದೆ.

ಇನ್ನೊಂದು ವಾದ, ಎಲ್ಲವೂ ಕಂಪ್ಯೂಟರಿಗೆ ಏರಿದ ಮೇಲೆ ಹಳೆಯ ಕಾಗದವೇಕೆ ಎನ್ನುವುದು. 2000ದ ಹೊತ್ತಿಗೆ ಬಂದ ‘ಭೂಮಿ’ ಯೋಜನೆ ಕೈಬರಹದ ಪಹಣಿಯ ಕಾಟದಿಂದ ರೈತರನ್ನು ಪಾರುಮಾಡಿದ್ದು ದೊಡ್ಡ ಉಪಕಾರ. ಆದರೆ ಅದು ಗಣಕಕ್ಕೆ ಏರಿಸಿದ್ದು ಚಾಲ್ತಿಯಲ್ಲಿದ್ದ ಹಕ್ಕುಗಳನ್ನು. ಈ ಹಕ್ಕು ಹೇಗೆ ಬಂತು, ಅದಕ್ಕೆ ಮೊದಲು ಯಾರಿದ್ದರು ಎಂಬುದು ಕಾಗದದಲ್ಲೇ ಉಳಿಯಿತು. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸವನ್ನು ಕಂದಾಯ ಇಲಾಖೆ 2024ರಲ್ಲಿ ಕೈಗೆತ್ತಿಕೊಂಡಿತು. ಇದು ಸ್ವಾಗತಾರ್ಹ. ಆದರೆ ಹಕ್ಕುದಾಖಲೆಗೆ ಬೇಕಾದ ಕಾಗದ, ಚರಿತ್ರೆಗೆ ಬೇಕಾದ ಕಾಗದ ಎರಡೂ ಒಂದೇ ಅಲ್ಲ. ಮಳೆ-ಬೆಳೆ ವರದಿ, ಕೆರೆ ದುರಸ್ತಿಯ ಪತ್ರವ್ಯವಹಾರ, ಕಂದಾಯ ಮಾಫಿಗೆ ಊರವರು ಕೊಟ್ಟ ಅರ್ಜಿ, ಪರಂಪರೆಯ ಗ್ರಾಮಾಧಿಕಾರ 1963ರಲ್ಲಿ ರದ್ದಾದಾಗ ಶಾನುಭೋಗ, ಪಟೇಲರ ಮನೆಗಳಲ್ಲೇ ಉಳಿದುಹೋದ ಲೆಕ್ಕಪುಸ್ತಕ ಇವು ಯಾರ ಹಕ್ಕನ್ನೂ ಸಾಬೀತು ಮಾಡುವುದಿಲ್ಲ. ಹಾಗಾಗಿ ಮೊದಲು ನಾಶವಾಗುವುದೂ ಇವೇ.

ಈ ನಾಲ್ಕು ತಾಲ್ಲೂಕುಗಳ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಜಿಲ್ಲೆ ಬದಲಾದಾಗಲೆಲ್ಲ ಕಡತವೂ ಊರ ಜೊತೆಗೇ ಬರುತ್ತದೆಂಬ ಖಾತರಿಯಿಲ್ಲ. ಇಲ್ಲಿನ ರೈತಾಪಿ ಚರಿತ್ರೆ ಬರೆಯಹೊರಟವರು ಶಿವಮೊಗ್ಗ, ಚಿತ್ರದುರ್ಗ, ದಾವಣಗೆರೆಗಳಲ್ಲದೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೂ ಅಲೆಯಬೇಕು. ಮೊದಲು ಆಗಬೇಕಾದದ್ದು ಯಾವ ಊರಿನ ಯಾವ ಕಾಲದ ಕಡತ ಎಲ್ಲಿದೆ ಎಂಬ ಒಂದೇ ಪಟ್ಟಿ. ಕಂದಾಯ ಇಲಾಖೆ ಮತ್ತು ಪತ್ರಾಗಾರ ಒಟ್ಟಾಗಿ ಅದನ್ನು ಸಿದ್ಧಪಡಿಸಲಿ. ಪಟ್ಟಿ ಮುಗಿಯುವವರೆಗೆ ಹಳೆಯ ಕಾಗದವನ್ನು ನಿರುಪಯುಕ್ತವೆಂದು ವಿಲೇವಾರಿ ಮಾಡುವುದು ನಿಲ್ಲಲಿ. ಹಳೆಯ ಲೆಕ್ಕಪುಸ್ತಕ ಮನೆಯಲ್ಲಿರುವವರು ಅದನ್ನು ರದ್ದಿಗೆ ಹಾಕುವ ಮುನ್ನ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ಒಮ್ಮೆ ತೋರಿಸಲಿ.